ಹಾಲು, ನೀರು ಮತ್ತು ಐದು ಅಂಕ

ಆಗ ನನಗೆ ಎಪ್ಪತ್ತೆರಡು. ಎರಡು ವರ್ಷದ ಹಿಂದಿನ ಮಾತು. ಆ ವಯಸ್ಸಿನಲ್ಲಿ ಮನುಷ್ಯರಿಗೆ ಸಕ್ಕರೆ ಕಾಯಿಲೆಯದೋ ಮಂಡಿನೋವಿನದೋ ಚಿಂತೆ ಇರುತ್ತದೆ. ನನಗೆ ಹತ್ತಿದ್ದು ಅಂಕದ ಚಿಂತೆ. ಎರಡನೇ ಇಯತ್ತೆಗೇ ಶಾಲೆ ಬಿಟ್ಟು ಅಂಕಗಳ ಋಣ ಹರಿದುಕೊಂಡವಳು ನಾನು.

ಅಂಕ ಬೇಕಾಗಿದ್ದು ಮೊಮ್ಮಗಳು ಶೈಲಾಳಿಗೆ. ಚೆಂಬೂರಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಎರಡೆರಡು ಪಾಳಿ ದುಡಿದು ಕಾಲು ಊದಿಸಿಕೊಂಡು ಬರುತ್ತಿದ್ದಳು. ಆಸ್ಟ್ರೇಲಿಯಾಕ್ಕೆ ಹೋಗುತ್ತೇನೆ ಎಂದಳು. ಹೋಗು ಎಂದೆ. ಆದರೆ ಆ ದೇಶ ಬಾ ಎನ್ನಬೇಕಲ್ಲ. ವಯಸ್ಸಿಗೆ ಇಷ್ಟು, ಓದಿಗೆ ಇಷ್ಟು, ಇಂಗ್ಲಿಷಿಗೆ ಇಷ್ಟು ಎಂದು ಅಂಕ ಕೂಡಿಸಿ, ಹೆಚ್ಚು ಬಂದವರನ್ನು ಮೊದಲು ಕರೆಯುತ್ತಾರಂತೆ. ನಮ್ಮಲ್ಲಿ ಜಾತಕದ ಗುಣ ಕೂಡಿಸುವುದಿಲ್ಲವೇ, ಹಾಗೆ. ಮದುವೆಯಾಗದೆ ಇದ್ದುದಕ್ಕೇ ಹತ್ತು ಅಂಕ ಸಿಕ್ಕಿತು. ವರ ಹುಡುಕುತ್ತ ನಾನು ಬೊರಿವಲಿವರೆಗೆ ಲೋಕಲ್ ರೈಲಿನಲ್ಲಿ ಜಜ್ಜಿಸಿಕೊಂಡು ಅಲೆದದ್ದು ಫಲಿಸಿದ್ದರೆ ಅದೂ ಹೋಗುತ್ತಿತ್ತೋ ಏನೋ.

ಇಷ್ಟಾದರೂ ಐದು ಕಡಿಮೆ. ಬರುವ ಹುಟ್ಟುಹಬ್ಬಕ್ಕೆ ಅವಳಿಗೆ ಮೂವತ್ತಮೂರು. ಅಂದಿನಿಂದ ವಯಸ್ಸಿನ ಅಂಕವೂ ಐದು ಇಳಿಯುತ್ತದೆ. ಘಾಟ್ಕೋಪರಿನ ವೀಸಾ ಏಜೆಂಟು ಒಂದು ದಾರಿ ಹೇಳಿದ: ಕನ್ನಡದ ಪರೀಕ್ಷೆ, ಪಾಸಾದರೆ ಐದು ಅಂಕ. ಒಬ್ಬರು ಇಂಗ್ಲಿಷ್ ಆಡುತ್ತಾರೆ, ಒಬ್ಬರು ಕನ್ನಡ. ನಡುವೆ ಕೂತು ಅವರದನ್ನು ಇವರಿಗೆ, ಇವರದನ್ನು ಅವರಿಗೆ ದಾಟಿಸಬೇಕು. ಒಂದು ಮಾತು ಸೇರಿಸಬಾರದು, ಒಂದು ಮಾತು ಬಿಡಬಾರದು.

ಮನೆಯಲ್ಲಿ ತಯಾರಿ ಶುರುವಾಯಿತು. ಕನ್ನಡದವರ ಪಾಲು ನನ್ನದು. "ಅಜ್ಜಿ, ನೀ ಪೇಶಂಟ್. ಬೋಲ್," ಎಂದಳು.

"ಹೊಟ್ಟ್ಯಾಗ ಬೆಂಕಿ ಬಿದ್ದಂಗ ಆಗೇದ. ನಿಮ್ಮ ಡಾಕ್ಟರ್ ಎಲ್ಲಿ ದನಾ ಕಾಯಾಕ ಹೋಗ್ಯಾನೇನು?"

ಶೈಲಾ ಇಂಗ್ಲಿಷಿನಲ್ಲಿ ನಾಲ್ಕೇ ಮಾತಿಗೆ ಮುಗಿಸಿದಳು. ನನಗೆ ಸಂಶಯ ಬಂತು. "ದನಾ ಎಲ್ಲಿ ಹೋತು?"

"ಅದು ಹೇಳಿದ್ರ ಅಚ್ಛಾ ನಹೀ ಲಗ್ತಾ, ಅಜ್ಜಿ."

"ಛಲೋ ಅನಿಸ್ಲಿ ಅಂತ ನಾ ಯಾವಾಗ ಮಾತಾಡೇನಿ? ಹೋತು ನೋಡು ಅಂಕ."

ಆಗ ನನಗೆ ಬೇರೊಂದು ವಿಷಯ ಹೊಳೆಯಿತು. ನಾನು ಹಿಂದಿ ಕಲಿತವಳಲ್ಲ. ಮೊದಲಿದ್ದ ಚಾಳಿನಲ್ಲಿ ಸುತ್ತಲೂ ನಮ್ಮ ವಿಜಾಪುರದವರೇ ಇದ್ದರು. ಈ ಬಿಲ್ಡಿಂಗಿಗೆ ಬರುವಷ್ಟರಲ್ಲಿ ಹೊಸ ಭಾಷೆಗೆ ನಾಲಿಗೆ ಮೊಂಡಾಗಿತ್ತು. ಹಾಲಿನ ಭೈಯ್ಯಾನಿಗೂ ಸೊಸೈಟಿಯ ಸೆಕ್ರೆಟರಿಗೂ ನನ್ನ ಮಾತು ದಾಟಿಸಿದವಳು ಶೈಲಾನೇ, ಫ್ರಾಕು ತೊಡುತ್ತಿದ್ದ ಕಾಲದಿಂದ. ಅವರೆಲ್ಲ ನನಗೆ ಕೈ ಮುಗಿಯುವುದು ನನ್ನ ಬಾಯಿಗೆ ಹೆದರಿ ಎಂದುಕೊಂಡಿದ್ದೆ. ನೋಡಿದರೆ, ನನ್ನ ಬೈಗುಳ ಒಂದೂ ಮುಟ್ಟಬೇಕಾದವರಿಗೆ ಮುಟ್ಟಿರಲಿಲ್ಲ.

"ನಾಳೆ ಹಾಲಿನಾಂವನ ಮುಂದ ಪ್ರಾಕ್ಟೀಸ್," ಎಂದೆ.

ಬೆಳಿಗ್ಗೆ ಭೈಯ್ಯಾ ಬಂದ. "ಹಾಲಿನ್ಯಾಗ ನೀರು ಹಾಕ್ಯಾನೋ, ನೀರಿನ್ಯಾಗ ಹಾಲು ಹಾಕ್ಯಾನೋ ಕೇಳು." ಯಾವಾಗಲೂ ಅವಳು ಇದಕ್ಕೆ 'ಭೈಯ್ಯಾ, ದೂಧ್ ಥೋಡಾ ಪತಲಾ ಹೈ' ಎನ್ನುತ್ತಿದ್ದಳು, ಹಾಲು ಸ್ವಲ್ಪ ತೆಳ್ಳಗಿದೆ ಎಂದಷ್ಟೇ ಅದರ ಅರ್ಥವಂತೆ. ಅವತ್ತು ಕಣ್ಣು ಮುಚ್ಚಿಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವನು ಕ್ಯಾನು ಕೆಳಗಿಟ್ಟು, ನನ್ನನ್ನೇ ನೋಡುತ್ತ ಏನೋ ಅಂದ. ಪರೀಕ್ಷೆಯ ನಿಯಮ ಎರಡೂ ಕಡೆಗೆ.

"ಅಜ್ಜಿ, ಅಂವಾ ಅಂತಾನ, ಇಷ್ಟು ವರ್ಷ ನೀವು ಭಾಳ ಮೀಠಾ ಮನುಷ್ಯಾ ಅಂತ ತಿಳ್ಕೊಂಡಿದ್ದೆ. ನನ್ನ ತಾಯಿ ಥರಾ."

ನಾನು ಹಾಲಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದೆ. ದಾಟಿಸಲು ಅವಳಿಗೆ ಏನೂ ಸಿಗಲಿಲ್ಲ.

ಪರೀಕ್ಷೆ ಮುಗಿಯಿತು, ಪಾಸೂ ಆದಳು, ಐದು ಅಂಕ ಸೇರಿತು. ಆದರೂ ಆಸ್ಟ್ರೇಲಿಯಾದಿಂದ ಕರೆ ಬರಲಿಲ್ಲ. ಹುಟ್ಟುಹಬ್ಬ ಹತ್ತಿರ ಬಂದ ಹಾಗೆಲ್ಲ ಮನೆಯಲ್ಲಿ ಯಾರೂ ಗೋಡೆಯ ಕ್ಯಾಲೆಂಡರಿನ ಕಡೆ ನೋಡುತ್ತಿರಲಿಲ್ಲ. ಅವಳ ಮೊಬೈಲು ಟಿಂಗ್ ಎಂದರೆ ನನ್ನ ಕೈಯ ರೊಟ್ಟಿ ಹರಿಯುತ್ತಿತ್ತು. ಕರೆ ಬರದಿದ್ದರೆ ಹುಡುಗಿಯ ಕಾಲು ಜನ್ಮವಿಡೀ ಊದುತ್ತದೆ ಎಂದು ಚಿಂತೆ. ಬಂದರೆ ಏನು ಎಂಬ ಚಿಂತೆಯನ್ನು ನಾನು ಒಳಗೆ ಬಿಟ್ಟುಕೊಳ್ಳಲಿಲ್ಲ. ಹುಟ್ಟುಹಬ್ಬಕ್ಕೆ ವಾರವಿರುವಾಗ ಕರೆ ಬಂತು. ಸೊಸೆ ಅತ್ತಳು, ಮಗ ಪೇಢೆ ತಂದ. ಪೇಢೆ ಹಳಸಲು ಎಂದೆ.

ಮರುದಿನ ಬೆಳಿಗ್ಗೆ ಶೈಲಾ ಪಾಳಿ ಮುಗಿಸಿ ಬಂದು ಮಲಗಿದ್ದಳು. ಬೆಲ್ಲಾಯಿತು. ಪಾತ್ರೆ ಹಿಡಿದು ನಾನೇ ಬಾಗಿಲು ತೆಗೆದೆ. ಭೈಯ್ಯಾ ನನ್ನ ಮುಖ ನೋಡದೆ ಹಾಲು ಸುರಿದ. ಹಾಲಿನೊಳಗಿಂದ ಪಾತ್ರೆಯ ತಳ ಕಾಣುತ್ತಿತ್ತು. ಬೈಗುಳ ನಾಲಿಗೆಯ ತುದಿಗೆ ಬಂತು, ಒಳಗೆ ಮಲಗಿದವಳನ್ನು ಎಬ್ಬಿಸಬೇಕಷ್ಟೆ. ಎಬ್ಬಿಸಲಿಲ್ಲ.

"ಭೈಯ್ಯಾ, ದೂಧ್ ಥೋಡಾ ಪತಲಾ ಹೈ," ಎಂದೆ.

ಅವನು ತಲೆ ಎತ್ತಿ ನಕ್ಕು, ಮೇಲೆ ಇನ್ನಷ್ಟು ಸುರಿದ. ಪರೀಕ್ಷೆಯಾಗಿದ್ದರೆ ನಾನು ಫೇಲು.