ನೀರು ಕುಡಿಯುವ ಕಳ್ಳಿ

ಬೀಗ ರಿಪೇರಿ ಮಾಡುವವನ ಮನೆಗೆ ಅವನ ಅಪ್ಪಣೆಯಿಲ್ಲದೆ ಇರುವೆಯೂ ನುಗ್ಗಬಾರದು, ಅವನ ಹಿತ್ತಿಲಲ್ಲಿ ಅವನು ಹೇಳಿದ ಕಡೆ ಹೂ ಅರಳಬೇಕು! ಹೊಸ ಮನೆಗೆ ಕಾಲಿಟ್ಟ ದಿನ ನಾನು ಹೀಗೆಂದು ಘೋಷಿಸಿದೆ. ಹೆಂಡತಿ ಹಿತ್ತಿಲ ಬಾಗಿಲು ತೆರೆದು ಮೂಗು ಮುಚ್ಚಿಕೊಂಡಳು. ನಮ್ಮ ಬಚ್ಚಲ ನೀರು, ಪಕ್ಕದ ಮನೆಯ ನೀರು, ಎಲ್ಲ ಬಂದು ನಿಲ್ಲುವ ಜಾಗ ಅದು. ಎಂಥ ಬಿಸಿಲಿದ್ದರೂ ನೆಲ ಒಣಗದು. ನಡೆದರೆ ಚಪ್ಪಲಿಯನ್ನು ಯಾರೋ ಕೆಳಗಿನಿಂದ ಹಿಡಿದುಕೊಂಡಂತಾಗುತ್ತಿತ್ತು.

ಮದುವೆಯಾದಾಗಿನಿಂದ ನಾವಿದ್ದದ್ದು ಅತ್ತೆಯ ಮಹಡಿ ಮನೆಯಲ್ಲಿ. ಅಲ್ಲಿ ಫ್ಯಾನು ತಿರುಗುವುದೂ ನಾನು ಸ್ನಾನಕ್ಕೆ ಹೋಗುವುದೂ ಅವರ ಆಜ್ಞೆಯಂತೆಯೇ. ಹರಸಾಹಸ ಮಾಡಿ ಬಿಡುಗಡೆ ಪಡೆದು ಈ ಮನೆ ಹಿಡಿದಿದ್ದೆ. ತೇವದ ಮನೆಯಲ್ಲಿ ದೆವ್ವವೋ ಪಿಶಾಚಿಯೋ ಏನೋ ಇದ್ದೇ ಇರುತ್ತದೆ ಎಂದು ಅತ್ತೆ ಹೊಸ್ತಿಲು ಕೂಡ ದಾಟಲಿಲ್ಲ. ಹೆಂಡತಿ ಒಂದು ಷರತ್ತು ಹಾಕಿದಳು. ಇಲ್ಲಿ ತನಗೆ ಹೆದರಿಕೆಯಾಯಿತೋ, ಗಂಟುಮೂಟೆ ಸಮೇತ ಇಬ್ಬರೂ ವಾಪಸ್ಸು ಅಮ್ಮನ ಮನೆಗೆ! ನಾನು ಎದೆಯುಬ್ಬಿಸಿ ಒಪ್ಪಿಕೊಂಡೆ.

ನರ್ಸರಿಯಾಕೆ ನನ್ನ ಹಿತ್ತಿಲ ಕಥೆ ಕೇಳಿ ಒಂದು ಗಿಡ ಕೊಟ್ಟಳು. ಕಳ್ಳಿಯ ಜಾತಿಯೇ ಅಂತೆ, ಆದರೆ ಮುಳ್ಳಿಲ್ಲ, ಬುಡ ಸದಾ ಒದ್ದೆಯಾಗಿರಬೇಕು, ವರ್ಷವರ್ಷವೂ ತಾನೇ ಚಿಗುರುತ್ತದೆ. ಮುರಿದರೆ ಹಾಲು ಬರುತ್ತದೆ, ಹುಷಾರು ಎಂದೇನೋ ಹಿಂದಿನಿಂದ ಕೂಗುತ್ತಿದ್ದಳು. ನಾನಾಗಲೇ ಗೇಟು ದಾಟಿದ್ದೆ. ಕಳ್ಳರನ್ನು ಹೊರಗಿಡುವುದೇ ಕಸುಬಾದವನು ಕಳ್ಳಿಯನ್ನು ಕೈಯಾರೆ ಮನೆಗೆ ತಂದೆ!

ಗಿಡ ಆ ಕೆಸರಿನಲ್ಲಿ ಎದೆಯೆತ್ತರ ಬೆಳೆದು ಹಳದಿ ಹೂ ಬಿಟ್ಟಿತು. ಚಳಿಗಾಲದಲ್ಲಿ ಪೂರ್ತಿ ಒಣಗಿ ನೆಲಕ್ಕೊರಗಿತು. ಹೆಂಡತಿ ನಿಟ್ಟುಸಿರುಬಿಟ್ಟಳು. ಚಳಿ ಕಳೆದದ್ದೇ ತಡ, ಅದೇ ಜಾಗದಿಂದ ಕೆಂಪು ಮೊಳಕೆಗಳು ಬೆರಳುಗಳಂತೆ ಒಂದೊಂದಾಗಿ ಮೇಲೆದ್ದವು. ಈ ಸಲ ಪೊದೆಯೇ ಆಗಿ ಅಡುಗೆಮನೆಯ ಕಿಟಕಿಯವರೆಗೂ ಬಂತು.

"ರೀ, ಸತ್ತದ್ದು ಎದ್ದು ಬಂದಿದೆ. ನಂಗೆ ಇದು ಸರಿ ಕಾಣ್ತಿಲ್ಲ" ಎಂದಳು. ನಾನು ನಕ್ಕುಬಿಟ್ಟೆ.

ಬೇಸಿಗೆ ಬಂತು. ಒಂದು ಮಧ್ಯಾಹ್ನ, ಗಾಳಿಯ ಸುಳಿವೂ ಇಲ್ಲ, ಬೀದಿಯಲ್ಲಿ ನಾಯಿ ಕೂಡ ಬೊಗಳುತ್ತಿಲ್ಲ. ಟಕ್! ಯಾರೋ ಅಡುಗೆಮನೆಯ ಗಾಜು ತಟ್ಟಿದರು. ಹೋಗಿ ನೋಡಿದರೆ ಯಾರೂ ಇಲ್ಲ. ತಿರುಗಿ ಬಂದು ಕೂತೊಡನೆ ಮತ್ತೆ ಟಕ್, ಟಕ್. ಜತೆಗೆ ಹಿತ್ತಿಲಲ್ಲಿ ಯಾರೋ ನಿಂತು ಸಾವಧಾನವಾಗಿ ಬೆರಳ ನೆಟಿಗೆ ಮುರಿಯುತ್ತಿರುವ ಸದ್ದು. ಅಲ್ಲಿಂದ ಮುಂದೆ ದಿನವೂ ಇದೇ. ಮೋಡ ಕವಿದರೆ ನಿಶ್ಶಬ್ದ, ಬಿಸಿಲು ಸುಟ್ಟರೆ ತಟ್ಟುವಿಕೆ. ಹಾಡಹಗಲೇ ಬರುವ ದೆವ್ವದ ಬಗ್ಗೆ ನಾನು ಕೇಳಿರಲಿಲ್ಲ. ನಿಜ ಹೇಳುತ್ತೇನೆ, ನನಗೂ ಬೆನ್ನಲ್ಲಿ ತಣ್ಣಗಾಗುತ್ತಿತ್ತು.

ಆದರೆ ನಾನು ಬೀಗದವನಲ್ಲವೇ! ಯಾವನೋ ಕಳ್ಳ ಮನೆ ನೋಡಿಕೊಂಡು ಹೋಗುತ್ತಿದ್ದಾನೆ ಎಂದು ತೀರ್ಪು ಕೊಟ್ಟೆ. ಹಿತ್ತಿಲ ಬಾಗಿಲಿಗೆ, ಮುಚ್ಚಿದೊಡನೆ ತಾನೇ ಬಿದ್ದುಕೊಳ್ಳುವ ಬೀಗ ಹಾಕಿದೆ. ಯಾರು ತಟ್ಟಿದರೂ ತೆಗೆಯಬೇಡ, ನನ್ನ ದನಿಯಲ್ಲೇ ಕರೆದರೂ ತೆಗೆಯಬೇಡ ಎಂದು ಹೆಂಡತಿಗೆ ಗಂಭೀರವಾಗಿ ಹೇಳಿದೆ. ಕೊನೆಯ ಮಾತು ಕೇಳಿ ಅವಳ ಮುಖ ಬಿಳಿಚಿಕೊಂಡಿತು. ಸೀದಾ ಅಮ್ಮನಿಗೆ ಫೋನು ಮಾಡಿದಳು. ಭಾನುವಾರ ಬಂದು ಇಬ್ಬರನ್ನೂ ಕರೆದುಕೊಂಡು ಹೋಗುತ್ತೇನೆ ಎಂದರಂತೆ ಅತ್ತೆ. ನನ್ನ ಸ್ವಾತಂತ್ರ್ಯಕ್ಕೆ ಕೊನೆಗಾಲ ಬಂತು!

ಭಾನುವಾರ ಅತ್ತೆ ಬರುವಷ್ಟರಲ್ಲಿ ಹಿತ್ತಿಲು ಚೊಕ್ಕವಾಗಿದ್ದರೆ ಹೇಗಾದರೂ ಮಾತಾಡಿ ಗೆಲ್ಲಬಹುದೆಂದು ಕುಡುಗೋಲು ಹಿಡಿದು ಇಳಿದೆ. ಬಾಗಿಲು ಹಿಂದೆ ಮುಚ್ಚಿಕೊಂಡಿತು. ಬಿಸಿಲು ನೆತ್ತಿ ಸುಡುತ್ತಿತ್ತು. ಕಡಿದ ಪ್ರತಿ ದಂಟಿನಿಂದಲೂ ಬಿಳಿ ಹಾಲು ಸುರಿದು ಮೊಣಕೈವರೆಗೆ ಹರಿಯಿತು. ಅದೇ ಕೈಯಿಂದ ಹಣೆಯ ಬೆವರು ಒರೆಸಿಕೊಂಡೆ, ಕಣ್ಣನ್ನೂ ಉಜ್ಜಿಕೊಂಡೆ.

ಅಯ್ಯಯ್ಯೋ! ಕಣ್ಣಿಗೆ ಕೆಂಡ ಇಟ್ಟಂತಾಯಿತು. ರೆಪ್ಪೆಗಳು ಊದಿ ಮುಚ್ಚಿಕೊಂಡವು. ತಡಕಾಡುತ್ತ ಬಾಗಿಲಿಗೆ ಬಂದರೆ ನಾನೇ ಹಾಕಿದ ಬೀಗ ಬಿದ್ದಿತ್ತು, ಬೀಗದಕೈ ಒಳಗಿತ್ತು. ಕಿಟಕಿ ತಟ್ಟಿದೆ. ಒಳಗೆ ಹೆಂಡತಿ ಕಿಟಾರನೆ ಕಿರುಚಿದಳು. ಹಾಲು ಮೆತ್ತಿದ, ಕಣ್ಣಿಲ್ಲದ ಮುಖವೊಂದು ಗಾಜಿಗೆ ಅಂಟಿಕೊಂಡಿದ್ದರೆ ಯಾರು ತಾನೇ ಕಿರುಚುವುದಿಲ್ಲ!

"ನಾನು ಕಣೇ, ಬಾಗಿಲು ತೆಗಿ."

"ನಿಮ್ಮ ದನಿ ಕೇಳಿದ್ರೂ ತೆಗೀಬೇಡ ಅಂದಿದ್ದೀರಿ."

ಅಂಗಲಾಚಿದೆ. ಕೊನೆಗೆ ಅವಳು, ನಿಜವಾಗಿ ನನ್ನ ಗಂಡನೇ ಆಗಿದ್ದರೆ ನಾನು ಬೇಡವೆಂದರೂ ನೀವು ದಿನಾ ಆಡುವ ಮಾತೊಂದನ್ನು ಹೇಳಿ ಎಂದಳು.

"ನಿಮ್ಮಮ್ಮ ಇರೋ ಮನೆಗೆ ಬೀಗಾನೇ ಬೇಡ, ಕಳ್ಳ ತಾನೇ ಹೆದರಿ ಓಡ್ತಾನೆ ಅಂತ!"

ಒಳಗೆ ಬಾಗಿಲಿನ ಕಡೆಗೆ ಹೆಜ್ಜೆ ಸದ್ದು ಬಂತು. ಅಷ್ಟರಲ್ಲಿ ನನ್ನ ಕಿವಿಯ ಪಕ್ಕದಲ್ಲೇ ಟಕ್ ಎಂದಿತು. ಕೈ ನನ್ನದಲ್ಲ! ಮರುಕ್ಷಣ ಊದಿದ ಕೆನ್ನೆಗೆ ಏನೋ ಚುರುಕ್ಕೆಂದು ಬಡಿದು ಅಂಗಿಯ ಜೇಬಿಗೆ ಬಿತ್ತು. ಬೆರಳಲ್ಲಿ ಹಿಡಿದು ಸವರಿದೆ. ಬೀಜ!

ಬಾಗಿಲು ತೆರೆಯಿತು. "ಬನ್ನಿ ಅಳಿಯಂದಿರೇ" ಎಂದಿತು ಒಳಗಿನಿಂದ ಅತ್ತೆಯ ದನಿ. ಆಗಷ್ಟೇ ಬೀದಿ ಬಾಗಿಲಿಗೆ ಬಂದವರು ಮಗಳ ಕಿರುಚಾಟ ಕೇಳಿ ಹೊಸ್ತಿಲು ದಾಟಿ ಬಂದುಬಿಟ್ಟಿದ್ದರು. ನನ್ನ ತಲೆಯನ್ನು ನಲ್ಲಿಯ ಕೆಳಗೆ ಹಿಡಿದರು. ಎಷ್ಟೋ ಹೊತ್ತಿನ ಮೇಲೆ ಒಂದು ಕಣ್ಣು ಸಂದಿಯಷ್ಟು ತೆರೆಯಿತು.

ಆಸ್ಪತ್ರೆಗೆ ಆಮೇಲೆ ಹೋಗೋಣ, ಮೊದಲು ಇದನ್ನು ನೋಡಿ ಎಂದು ಇಬ್ಬರನ್ನೂ ಹಿತ್ತಿಲಿಗೆ ಎಳೆದೆ. ಕಡಿಯದೆ ಉಳಿದ ಗಿಡಗಳ ತುದಿಯಲ್ಲಿ ಕಾಯಿಗಳು ಬಿಸಿಲಿಗೆ ಒಣಗಿ ಬಿರಿದಿದ್ದವು. ನಾವು ನೋಡುತ್ತಿದ್ದಂತೆಯೇ ಒಂದು ಚಟ್ಟೆಂದು ಸಿಡಿದು ಬೀಜ ಹಾರಿ ಕಿಟಕಿಗೆ ಬಡಿಯಿತು. ನೆಟಿಗೆಯೂ ಅದೇ, ತಟ್ಟುವಿಕೆಯೂ ಅದೇ! ಹೆಂಡತಿ ನಕ್ಕಳು. ಇನ್ನು ಹೆದರಿಕೆಯಿಲ್ಲ, ಇಲ್ಲೇ ಇರೋಣ ಎಂದಳು. ನಾನು ಗೆದ್ದಿದ್ದೆ!

"ಹಾಗಾದ್ರೆ ಈ ಮನೇಲಿ ದೆವ್ವ ಇಲ್ಲ ಅಂತೀರಿ?" ಅತ್ತೆ ಕೇಳಿದರು.

"ಖಂಡಿತಾ ಇಲ್ಲ ಅತ್ತೆ. ಬೇಕಾದ್ರೆ ಬರೆದು ಕೊಡ್ತೀನಿ."

ಅತ್ತೆ ಮನೆಯನ್ನೊಮ್ಮೆ ಸುತ್ತಿ ಬಂದು ಆರಾಮವಾಗಿ ಕೂತರು.

"ಮಹಡಿ ಹತ್ತಿ ಹತ್ತಿ ನನ್ನ ಮಂಡಿ ಸವೆದುಹೋಗಿದೆ. ಆ ದೆವ್ವದ ಭಯಕ್ಕೇ ನಾನು ಇಷ್ಟು ದಿನ ಇಲ್ಲಿಗೆ ಬರದೆ ಇದ್ದದ್ದು. ನನಗೆ ಯಾವ ಕೋಣೆ ಕೊಡ್ತೀರಿ?"