ನಮ್ಮ ಹುಡುಗ ಪೋಲ್ ಹೊಡೆದ ಪ್ರಸಂಗ

ತಪ್ಪು ನನ್ನದಲ್ಲ. ಕಾರ್ ರೇಸಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುವ ಜಾಗಕ್ಕೆ ‘ಪೋಲ್’ ಎಂದು ಹೆಸರಿಟ್ಟವನದು. ಮುಂಚೂಣಿ ಅನ್ನಬಹುದಿತ್ತು, ಮೊದಲ ಮಣೆ ಅನ್ನಬಹುದಿತ್ತು. ಹೋಗಿ ಹೋಗಿ ಕಂಬದ ಹೆಸರಿಡಬೇಕೇ? ಆ ಪುಣ್ಯಾತ್ಮನಿಗೆ ಕಮಲಾಪುರದಲ್ಲಿ ಒಬ್ಬ ಅತ್ತೆ ಇದ್ದಿದ್ದರೆ ಖಂಡಿತ ಇಡುತ್ತಿರಲಿಲ್ಲ.

ನಾನು ಕಪಿಲ. ಕುಸನೂರಿನಲ್ಲಿ ಮನೆ, ಕಚೇರಿಯೊಂದರಲ್ಲಿ ಗುಮಾಸ್ತಿಕೆ. ಸ್ಕೂಟರ್ ಹತ್ತಿ ಸೇಡಂ ರಸ್ತೆಗೆ ಇಳಿದರೆ ಎಮ್ಮೆಗಳೂ ನನ್ನನ್ನು ಹಿಂದೆ ಹಾಕುತ್ತವೆ (ಇದು ನನ್ನ ಹೆಂಡತಿ ಪಂಚಶೀಲಾಳ ಆರೋಪ. ಎಮ್ಮೆ ಹಿಂದೆ ಹಾಕಿದ್ದು ಒಂದೇ ಸಲ, ಅದೂ ಇಳಿಜಾರಿನಲ್ಲಿ). ಆದರೆ ಟಿವಿಯಲ್ಲಿ ಫಾರ್ಮುಲಾ ಒನ್ ಶುರುವಾಯಿತೆಂದರೆ ನಾನು ಬೇರೆಯೇ ಮನುಷ್ಯ. ಕೆಂಪು ಕಾರಿನ ತಂಡ ನಮ್ಮದು. ಗೆಲ್ಲಬೇಕಾದ ಕಡೆ ಸೋಲುವ ವಿದ್ಯೆಯಲ್ಲಿ ಅವರು ಮಹಾಮಹೋಪಾಧ್ಯಾಯರು. ಅದಕ್ಕೇ ಅವರ ಮೇಲೆ ಜೀವ.

ಆ ಶನಿವಾರ ಸಂಜೆ ಮನೆಯಲ್ಲಿ ನಾನೊಬ್ಬನೇ. ಮರುದಿನ ಕಮಲಾಪುರದಲ್ಲಿ ಪಂಚಶೀಲಾಳ ತಮ್ಮ ವಿಶ್ವಾಸನ ಮದುವೆ ನಿಶ್ಚಯ. ಅವನು ಹೊಸ ಕಾರು ಓಡಿಸಿಕೊಂಡು ಬಂದು, ಅಕ್ಕನನ್ನು ಕೂರಿಸಿಕೊಂಡು ಸೀರೆ ತರಲು ಬಜಾರಿಗೆ ಹೋಗಿದ್ದ. ಇಬ್ಬರೂ ಫೋನನ್ನು ಇಲ್ಲೇ ಚಾರ್ಜಿಗೆ ಹಾಕಿ ಮರೆತಿದ್ದರು. ಟಿವಿಯಲ್ಲಿ ಭಾನುವಾರದ ರೇಸಿಗೆ ಯಾರು ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವ ಸುತ್ತು. ಕೊನೆಯ ಗಳಿಗೆಯಲ್ಲಿ ನಮ್ಮ ಕೆಂಪು ಹುಡುಗ ಬಂದ ನೋಡಿ! ನಾನು ಸೋಫಾದ ಮೇಲೆ ಎದ್ದು ನಿಂತೆ. ಮೊದಲ ಸ್ಥಾನ! ಪೋಲ್!

ಅಷ್ಟರಲ್ಲೇ ನನ್ನ ಫೋನು ಬಡಿದುಕೊಂಡಿತು. ಇಂಥ ಹೊತ್ತಿನಲ್ಲಿ ನನಗೆ ಫೋನ್ ಮಾಡುವವನು ಒಬ್ಬನೇ, ಗೆಳೆಯ ನೋಮಾನ್. ಹೆಸರು ನೋಡದೆ ಎತ್ತಿ ಕೂಗಿದೆ:

“ಹೊಡದಾನ! ನಮ್ಮ ಹುಡುಗ ಪೋಲ್ ಹೊಡದಾನ! ಏನ್ ಸ್ಪೀಡ್, ಗಾಡಿ ಹಾರೇ ಬಿಡ್ತು! ಕಣ್ಣ ಮುಚ್ಚಿ ತಗಿಯೋದ್ರಾಗ ಖೇಲ್ ಖತಂ! ಇಡ್ತೀನಿ, ಅವನ್ನ ಈಗ ಗಾಡಿಯಿಂದ ಹೊರಗ ತಗ್ಯಾಕತ್ತಾರ, ಮಂದಿ ಕೂಡ್ಯಾರ!”

ಫೋನನ್ನು ಸೋಫಾದ ಮೂಲೆಗೆ ಎಸೆದೆ. ಆಮೇಲೆ ಮನೆಯ ಯಾವ ಫೋನು ಎಷ್ಟು ಬಡಿದುಕೊಂಡರೂ ನನ್ನ ಕಿವಿಗೆ ಬೀಳಲಿಲ್ಲ. ಫೋನ್ ಮಾಡಿದ್ದು ನೋಮಾನ್ ಅಲ್ಲ. ಮಗ ಸುಖವಾಗಿ ಮುಟ್ಟಿದನೇ ಎಂದು ಕೇಳಲು ಕಮಲಾಪುರದಿಂದ ನನ್ನ ಅತ್ತೆ ಭೀಮಬಾಯಿ ಮಾಡಿದ್ದು.

ನನಗೆ ಅದು ಗೊತ್ತಾಗುವ ಮೊದಲೇ ಇನ್ನೊಂದು ಸಿಡಿಲು ಬಡಿಯಿತು. ನಮ್ಮ ಹುಡುಗ ಪೋಲ್ ಹೊಡೆಯುವ ಮೊದಲು ನಿಧಾನವಾಗಿ ಹೋಗುತ್ತ, ಹಿಂದೆ ಜೋರಾಗಿ ಬರುತ್ತಿದ್ದ ಕಿತ್ತಳೆ ಕಾರಿಗೆ ದಾರಿ ಬಿಡಲಿಲ್ಲವಂತೆ. ತೀರ್ಪುಗಾರರು ವಿಚಾರಣೆಗೆ ಕೂತರು. ಅದೇ ತುಣುಕನ್ನು ಮುಂದಿನಿಂದ, ಹಿಂದಿನಿಂದ, ಆಕಾಶದಿಂದ ತೋರಿಸಿದ್ದೇ ತೋರಿಸಿದ್ದು. ನನಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಗಂಟೆಗಟ್ಟಲೆ ಕಾಯಿಸಿ ಕೊನೆಗೆ ತೀರ್ಪು ಕೊಟ್ಟರು: ಪೋಲ್ ರದ್ದು, ಮೂರು ಸ್ಥಾನ ಹಿಂದಕ್ಕೆ!

“ಮುಗಿಸಿಬಿಟ್ರು!” ಎಂದು ಎದೆ ಬಡಿದುಕೊಂಡೆ. “ನಮ್ಮ ಹುಡುಗನ್ನ ಮುಗಿಸೇ ಬಿಟ್ರಲ್ಲಪ್ಪೋ!”

“ಅಯ್ಯೋ ನನ್ನ ಕಂದಾ!” ಎಂಬ ಚೀತ್ಕಾರ ಬಾಗಿಲಲ್ಲಿ ಕೇಳಿತು.

ತಿರುಗಿ ನೋಡುತ್ತೇನೆ, ಭೀಮಬಾಯಿ ಹೊಸ್ತಿಲ ಮೇಲೆ ಕುಸಿದಿದ್ದಾರೆ. ಹಿಂದೆ ಜೀಪು ತುಂಬ ಕಮಲಾಪುರ. ಸೇಡಂ ರಸ್ತೆಯ ಆಸ್ಪತ್ರೆಗಳನ್ನೆಲ್ಲ ಜಾಲಾಡಿ ಬಂದಿದ್ದರು. ರೋಗಿಯನ್ನು ಬರಿಗೈಯಲ್ಲಿ ನೋಡಬಾರದೆಂದು ಒಬ್ಬರು ಕೆಂಪು ಬಾಳೆಹಣ್ಣಿನ ಚಿಪ್ಪು ಬೇರೆ ಹಿಡಿದಿದ್ದರು. ಎಲ್ಲರ ಮುಂದೆ ಅಂಬಣ್ಣನವರು, ವಿಶ್ವಾಸನಿಗೆ ಹೆಣ್ಣು ಕೊಡುವವರು. ಊರಿನ ಜಗಳಗಳಿಗೆಲ್ಲ ನ್ಯಾಯ ಹೇಳುವ ಹಿರಿಯರು.

“ಅಳಿಯಂದ್ರ, ನನ್ನ ಮಗ ಎಲ್ಲದಾನ್ರೀ?”

ನಾನು ಬಾಯಿ ತೆರೆಯುವ ಮೊದಲೇ ಹೊರಗೆ ಹಾರ್ನ್ ಆಯಿತು. ಒಂದು ಗೀರೂ ಬೀಳದ ಕಾರಿನಿಂದ ವಿಶ್ವಾಸ ಇಳಿದ, ಸೀರೆಯ ಗಂಟು ಹಿಡಿದು ಪಂಚಶೀಲಾ ಇಳಿದಳು. ಅತ್ತೆ ಮಗನನ್ನು ತಬ್ಬಿಕೊಂಡು ಅತ್ತರು. ಪಂಚಶೀಲಾ ಸಂಗತಿ ತಿಳಿದದ್ದೇ ನನ್ನ ಫೋನನ್ನು ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಇನ್ನ ಇದು ನಿಮ್ಮ ಕೈಯಾಗ ಬ್ಯಾಡ್ರಿ. ಇವತ್ತ ಕಂಬಾ ಹೊಡಸೀರಿ, ನಾಳೆ ಯಾರ್‌ನ ಹೆಣಾ ಮಾಡ್ತೀರೋ!”

ಜೀಪಿನಲ್ಲಿ ಬಂದವರೆಲ್ಲ ನಕ್ಕರು, ಅಂಬಣ್ಣನವರು ಮಾತ್ರ ನಗಲಿಲ್ಲ. ಸೋಫಾದಲ್ಲಿ ಕೂತು ಟಿವಿಯ ಕಡೆ ಕೈ ಮಾಡಿ, “ಏನದು ಜಗಳಾ? ನನಗೂ ತೋರ್ಸರಿ” ಎಂದರು. ಮೂರು ಸಲ ನೋಡಿದರು. ಮೀಸೆ ಸವರಿದರು.

“ಹಿಂದಿನಾಂವ ಜೋರ್ ಬರಾಕತ್ತಾನ. ನಿಮ್ಮಾಂವ ರಸ್ತಾದ ನಡುವ ಮದುವಿ ಮೆರವಣಿಗಿ ಹೊಂಟಂಗ ಹೊಂಟಾನ. ತಪ್ಪು ನಿಮ್ಮಾವಂದೇ. ಶಿಕ್ಷಾ ಬರೊಬ್ಬರಿ ಅದ.”

ನನ್ನ ರಕ್ತ ಕುದಿಯಿತು. “ಏನ್ರಿ ಬರೊಬ್ಬರಿ? ಹಿಂದ ಕಾರ್ ಬರಾಕತ್ತದಂತ ಅವಂಗ ರೇಡಿಯೋದಾಗ ಯಾರೂ ಹೇಳೇ ಇಲ್ಲ! ರೇಸ್ ಅಂದ್ರ ಏನ್ ಗೊತ್ತದರಿ ನಿಮಗ?”

ಅಂಬಣ್ಣನವರು ಎದ್ದು ಟವೆಲ್ ಕೊಡವಿ ಹೆಗಲಿಗೆ ಹಾಕಿದರು. “ಹಿರೇರಿಗೆ ಹಿಂಗ ಮಾತಾಡೋ ಮಂದಿ ಸಂಗಟ ಬೀಗತನಾ ಮಾಡಬೇಕೋ ಬ್ಯಾಡೋ, ವಿಚಾರ ಮಾಡಬೇಕಾಗ್ತದ.”

ವಿಶ್ವಾಸನ ಮುಖ ಬಿಳಿಚಿತು. ಪಂಚಶೀಲಾ ನನ್ನ ತೋಳು ಚಿವುಟಿ ಪಿಸುಗುಟ್ಟಿದಳು:

“ಶಿಕ್ಷಾ ಬರೊಬ್ಬರಿ ಅದ ಅನ್ರಿ.”

“ಜೀವಾ ಹೋದ್ರೂ ಅನ್ನಂಗಿಲ್ಲ.”

“ಜೀವಾ ನಾನೇ ತಗೀತೀನಿ. ಅನ್ರಿ!”

ವಿಶ್ವಾಸನ ಮುಖ ನೋಡಿದೆ. ಎಷ್ಟೋ ಸಂಬಂಧ ತಪ್ಪಿ ಕೂಡಿಬಂದದ್ದು ಇದೊಂದು. ಸುಳ್ಳಲ್ಲ, ಕಣ್ಣಲ್ಲಿ ನೀರೇ ಬಂತು. “ಅಂಬಣ್ಣನವರ, ತಪ್ಪು ನಮ್ಮಾವಂದೇರಿ. ಶಿಕ್ಷಾ... ಬರೊಬ್ಬರಿ ಅದರಿ.”

“ಹಂಗ ಬರ್ರಿ ದಾರಿಗಿ,” ಎಂದು ಅಂಬಣ್ಣನವರು ಕೂತರು. ಬಾಳೆಹಣ್ಣು ಸುಲಿದರು. ಮಗಳಿಗೂ ಸುದ್ದಿ ತಿಳಿಸೋಣವೆಂದು ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು. ಮಗಳು ಯಶೋಧರಾ ಗಾಬರಿಯಲ್ಲಿದ್ದಳು.

“ವಿಶ್ವಾಸಗ ಏನೂ ಆಗಿಲ್ಲವ್ವ, ಗುಂಡಕಲ್ಲಿನಂಗ ಅದಾನ. ಕಂಬಾ ಗಿಂಬಾ ಎಲ್ಲಾ ಟಿವ್ಯಾಗಿಂದು, ಅದ್ಯಾವ್ದೋ ಕೆಂಪು ಕಾರಿಂದು.”

ಆ ಕಡೆಯಿಂದ ಮನೆ ನಡುಗುವಂಥ ಕೂಗು ಬಂತು. “ಪೋಲ್ ಕಸ್ಕೊಂಡ್ರಲ್ಲಪ್ಪಾ! ಮೋಸ! ಹಗಲು ದರೋಡಿ! ಇಂಥಾ ತೀರ್ಪು ಬರೊಬ್ಬರಿ ಅನ್ನೋರಿಗಿ ಕಣ್ಣಿಲ್ಲ, ಕರುಳಿಲ್ಲ!”

ಊರಿಗೆಲ್ಲ ನ್ಯಾಯ ಹೇಳುವವರಿಗೂ ಮನೆಯಲ್ಲೊಂದು ಮೇಲಿನ ಕೋರ್ಟು ಇರುತ್ತದೆ. ಅಂಬಣ್ಣನವರು ಬಾಳೆಹಣ್ಣು ನುಂಗಿ ಕೆಮ್ಮಿದರು. “ಹೌದವ್ವ, ನನಗೂ ಹಂಗೇ ಅನ್ನಸ್ತು. ಇಲ್ಲಿ ಕಪಿಲ್ ಸಾಹೇಬ್ರೇ ಬರೊಬ್ಬರಿ ಅಂತ ಅನ್ನಾಕತ್ತಾರ ನೋಡು.”

ನಾನು ಬಾಯಿ ತೆರೆದೆ. ಪಂಚಶೀಲಾ ಮತ್ತೆ ಚಿವುಟಿದಳು.

ಭಾನುವಾರ ಅಂಬಣ್ಣನವರ ಮನೆಯಲ್ಲಿ ನಿಶ್ಚಯ ಸಾಂಗವಾಗಿ ಮುಗಿಯಿತು. ರೇಸಿನ ಹೊತ್ತಿಗೆ ಯಶೋಧರಾ ರೇಷ್ಮೆ ಸೀರೆಯಲ್ಲೇ ಟಿವಿ ಮುಂದೆ ಕೂತಳು. ಬೀಗರು, ನೆರೆಯವರು, ಅಡುಗೆಯವರು ಎಲ್ಲ ಒಳಗೆ ತುಂಬಿದರು. ನಾನೂ ನುಗ್ಗಿದೆ. ಯಶೋಧರಾ ಬಲು ವಿನಯದಿಂದ ಎದ್ದು ನಿಂತಳು.

“ಸಿಟ್ಟಾಗಬ್ಯಾಡ್ರಿ ಅಣ್ಣಾರ. ಕಿತ್ತಳಿ ಕಾರಿನ ಕಡೇರು ಮನ್ಯಾಗಿದ್ರ ನಮ್ಮವರಿಗಿ ಅಪಶಕುನಾರಿ. ಇವತ್ತೊಂದಿನ ಹೊರಗ ಕೂಡ್ರಿ.”

ನಾನು! ಕಿತ್ತಳೆಯ ಕಡೆ! ಕಟ್ಟೆಯ ಮೇಲೆ ಚಪ್ಪಲಿಗಳ ನಡುವೆ ಕೂತೆ. ಫೋನು ಹೆಂಡತಿಯ ಸೊಂಟದಲ್ಲಿ, ಹೆಂಡತಿ ಒಳಗೆ. ನಾಲ್ಕನೇ ಜಾಗದಿಂದ ಹೊರಟ ನಮ್ಮ ಹುಡುಗ ಮೂರಕ್ಕೆ ಬಂದ, ಎರಡಕ್ಕೆ ಬಂದ, ಎಲ್ಲ ಗೋಡೆಯಾಚೆಯ ಕೂಗಿನಲ್ಲೇ ತಿಳಿಯಬೇಕು. “ಒತ್ತೋ ನನ್ನ ಮಗನ, ಒತ್ತು!” ಎಂದು ನನ್ನ ಅತ್ತೆ ಚೀರುತ್ತಿದ್ದರು. ಕೊನೆಯ ಸುತ್ತಿಗೆ ತಡೆಯಲಾಗದೆ ಕಿಟಕಿ ಬಡಿದೆ. ಪಂಚಶೀಲಾ ಒಂದು ಬೆರಳಷ್ಟು ತೆರೆದಳು. ಅವಳ ಹಣೆಯಲ್ಲಿ ಬೆವರು, ಕಣ್ಣಲ್ಲಿ ಬೆಂಕಿ.

“ಯಾರ ಕಡೇರ್ರಿ ನೀವು?”

“ಕೆಂಪು ಕಾರಿನ ಕಡೆ! ಹುಟ್ಟಾ ಕೆಂಪು ಕಾರಿನ ಕಡೆ!”

“ನಿನ್ನಿ ನಾಕು ಮಂದ್ಯಾಗ ಬ್ಯಾರೆ ಹೇಳೀರಿ,” ಎಂದು ಕಿಟಕಿ ಹಾಕಿಕೊಂಡಳು.

ಅದೇ ಕ್ಷಣ ಒಳಗೆ ಇಡೀ ಕಮಲಾಪುರವೇ ‘ಹೋ’ ಎಂದಿತು. ನಮ್ಮ ಹುಡುಗ ಗೆದ್ದನೋ, ಗುದ್ದಿದನೋ, ಹೇಳುವವರು ಹೊರಗೆ ಯಾರೂ ಇರಲಿಲ್ಲ.