ಪಿಳ್ಳಣ್ಣನ ಎಡಗಡೆ ಸೀಟು

ಜೆಟ್ ವಿಮಾನದ ಚಕ್ರಕ್ಕೆ ನಿಂಬೆಹಣ್ಣು ಇಡಬೇಕೋ ಬೇಡವೋ ಎನ್ನುವಲ್ಲಿಂದ ತಕರಾರು ಶುರುವಾಯಿತು.

"ಪೂಜೆ ಅಂದ್ಮೇಲೆ ನಿಂಬೆಹಣ್ಣಿಲ್ದೆ ಆಯ್ತದೇನ್ಲಾ?" ಎಂದ ಪಂಕ್ಚರ್ ಅಂಗಡಿ ಗಂಗಣ್ಣ. "ಸೈಕಲ್ಲಿಗೇ ಇಡ್ತೀವಿ. ಇದು ವಿಮಾನ ಕಣ್ಲಾ ಪಿಳ್ಳ!"

"ಓಡೋ ಗಾಡಿಗೆ ಇಡ್ತಾರೆ ಗಂಗಣ್ಣ. ಇದು ಮ್ಯೂಸಿಯಂಗೆ ಬಂದಿರೋದು. ಎಂಜಿನ್ನೇ ಇಲ್ಲ. ನಿಂತಲ್ಲೇ ನಿಂತಿರ್ತದೆ."

"ಎಂಜಿನ್ ಇಲ್ದಿದ್ರೇನು, ಚಕ್ರ ಐತಲ್ಲ? ಆ ಚಕ್ರಕ್ಕೆ ಗಾಳಿ ಹೊಡೆದೋನು ನಾನು. ನನ್ನ ಕೈಲಿ ಗಾಳಿ ಹೊಡಿಸ್ಕೊಂಡ ಗಾಡಿ ನಿಂಬೆಹಣ್ಣು ತುಳೀದೆ ಪೂಜೆ ಮುಗಿಸಿದ್ದೇ ಇಲ್ಲ."

ಪಿಳ್ಳಣ್ಣನಿಗೆ ಅವತ್ತು ಜಗಳಕ್ಕೆ ಪುರುಸೊತ್ತಿರಲಿಲ್ಲ. ಚಿಕ್ಕ ವಯಸ್ಸಿನಲ್ಲಿ ವಾಯುಸೇನೆ ಸೇರಿ ಫಿಟ್ಟರ್ ಆದವನು ಅವನು. ಬೀದರಿನಲ್ಲಿ ಇಂಥದೇ ತರಬೇತಿ ಜೆಟ್ಟುಗಳ ಹೊಟ್ಟೆಯ ಕೆಳಗೆ ಅಂಗಾತ ಮಲಗಿ ಯೌವನ ಕಳೆದಿದ್ದ. ಆ ವಿಮಾನದಲ್ಲಿ ಅಕ್ಕಪಕ್ಕ ಎರಡು ಸೀಟು. ಬಲಗಡೆ ಕಲಿಸುವವರು, ಎಡಗಡೆ ಕಲಿಯುವವರು. ಅವರು ಹತ್ತಿ ಕೂತ ಮೇಲೆ ಚಕ್ರಕ್ಕೆ ಕೊಟ್ಟ ಮರದ ಅಡ್ಡೆ ಎಳೆದು, ಸೆಲ್ಯೂಟ್ ಹೊಡೆದು, ವಿಮಾನ ಚುಕ್ಕಿಯಾಗುವ ತನಕ ಕತ್ತೆತ್ತಿ ನೋಡುತ್ತ ನಿಲ್ಲುವುದು ಪಿಳ್ಳಣ್ಣನ ಪಾಲಿಗೆ ಬಂದದ್ದು.

ಆಗ ಅಲ್ಲಿ ಶ್ರೀಧರ್ ಸಾಹೇಬರೆಂದು ಒಬ್ಬರು ಪೈಲಟ್ ಇದ್ದರು, ನಮ್ಮ ಬೆಂಗಳೂರಿನವರೇ. ಇಳಿದಾಗಲೆಲ್ಲ ಇವನ ಬೆನ್ನು ತಟ್ಟಿ, "ಪಿಳ್ಳಣ್ಣ, ಒಂದಿನ ನಿನ್ನನ್ನ ಎಡಗಡೆ ಕೂರಿಸ್ಕೊಂಡು ಮೇಲೆ ಸುತ್ತಿಸ್ತೀನಿ ಕಣಯ್ಯ" ಎನ್ನುತ್ತಿದ್ದರು. ಅಷ್ಟರಲ್ಲಿ ಅವರಿಗೆ ವರ್ಗವಾಯಿತು. ಇವನಿಗೆ ಪಿಂಚಣಿಯಾಯಿತು. ಆ ಒಂದಿನ ಬರಲೇ ಇಲ್ಲ. ದೊಡ್ಡಬಳ್ಳಾಪುರದ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿಗೆ ಕಿವಿಯಿದ್ದಿದ್ದರೆ ಈ ಕತೆ ಅದಕ್ಕೂ ಬಾಯಿಪಾಠವಾಗಿರುತ್ತಿತ್ತು.

ಹೋದ ವರ್ಷ ನಿವೃತ್ತ ಸೈನಿಕರ ಸಂಘಕ್ಕೆ ಹಳೆಯ ಜೆಟ್ಟೊಂದು ಸಿಕ್ಕಿತು. ತೂಬಗೆರೆ ರಸ್ತೆಯಲ್ಲಿ ಲಕ್ಷ್ಮೀದೇವಮ್ಮ ಬಿಟ್ಟುಕೊಟ್ಟ ಜಾಗಕ್ಕೆ ಅದು ಲಾರಿಯಲ್ಲಿ ಬಂತು. ರೆಕ್ಕೆ ಬೇರೆ, ಮೈ ಬೇರೆ, ಒಳಗೆ ಕಣಜದ ಗೂಡು. ರಿಪೇರಿಗೆ ನಿಂತವನು ಪಿಳ್ಳಣ್ಣ. ಮೊದಲ ದಿನ ಗಾಜಿನ ಮುಚ್ಚಳ ತೆಗೆದಾಗ ಒಳಗಿಂದ ಆ ಹಳೇ ವಾಸನೆ, ಸೀಮೆಎಣ್ಣೆ, ರಬ್ಬರು, ಯಾರದೋ ಬೆವರು ಎಲ್ಲ ಬೆರೆತದ್ದು, ಮುಖಕ್ಕೆ ಹೊಡೆಯಿತು. ಏಣಿಯ ಮೇಲೇ ಕೂತು ಅತ್ತುಬಿಟ್ಟ. ಇಪ್ಪತ್ತೆರಡರ ಹುಡುಗನಾಗಿದ್ದ ತಾನು, ಬೀದರಿನ ಬಿಸಿಲು, ಜೊತೆಯವರ ನಗು, ಎಲ್ಲ ಆ ವಾಸನೆಯೊಳಗೇ ಇತ್ತು.

ಆಮೇಲೆ ತಿಂಗಳುಗಟ್ಟಲೆ ತುಕ್ಕು ಕೆರೆದ, ಬಣ್ಣ ಹೊಡೆದ, ಚಕ್ರದ ಬೇರಿಂಗಿಗೆ ಗ್ರೀಸ್ ತುಂಬಿದ. "ನನ್ನ ಮಂಡಿಗೆ ಒಂದಿನ ಎಣ್ಣೆ ತಿಕ್ಕಲಿಲ್ಲ, ಆ ಗಾಡಿಗೆ ದಿನಾ ಗ್ರೀಸು" ಎಂದು ಹೆಂಡತಿ ಕದಿರಮ್ಮ ಗೊಣಗಿದಳು. ಸೀಟಿಗೆ ಹೊಸ ಬಟ್ಟೆಯನ್ನೂ ಅವನೇ ಹೊಲಿದ. ಆದರೆ ಎಡಗಡೆ ಸೀಟಿನಲ್ಲಿ ಮಾತ್ರ ಒಂದು ದಿನವೂ ಕೂರಲಿಲ್ಲ. ಕೂತ್ಕೊಂಡು ನೋಡೋ ಎಂದು ಗಂಗಣ್ಣ ಎಷ್ಟು ಕಿಚಾಯಿಸಿದರೂ ತಲೆಯಾಡಿಸಿಬಿಡುತ್ತಿದ್ದ. ಸಾಹೇಬರು ಬಂದು ಬಲಗಡೆ ಕೂರಬೇಕು, ಆಮೇಲೆ ತಾನು. ಅದು ಅವನ ಮನಸ್ಸಿನ ಹರಕೆ, ಯಾರಿಗೂ ಬಾಯಿಬಿಟ್ಟಿರಲಿಲ್ಲ.

ಇವತ್ತು ಮ್ಯೂಸಿಯಂ ಉದ್ಘಾಟನೆ, ಸಾಹೇಬರೇ ಮುಖ್ಯ ಅತಿಥಿ. ಇಂಥ ದಿನ ಈ ನಿಂಬೆಹಣ್ಣಿನ ಪಂಚಾಯ್ತಿ.

ಲಕ್ಷ್ಮೀದೇವಮ್ಮ ತೀರ್ಪು ಕೊಟ್ಟರು. ಜಾಗ ಅವರದು, ಹಾಲಿನ ಡೈರಿಗೆ ಅಧ್ಯಕ್ಷೆಯೂ ಅವರೇ. "ನಿಂಬೆಹಣ್ಣು ಇಡ್ರಪ್ಪ. ಒಂದು ಗೇಣಾದ್ರೂ ಮುಂದಕ್ಕೆ ಹೋಗ್ಲಿ. ನಿಂತಲ್ಲೇ ನಿಂತ್ಕೊಂಡು ಪೂಜೆ ಮಾಡಿಸ್ಕೊಳ್ಳೋಕೆ ಅದೇನು ಬೀಸೋ ಕಲ್ಲಾ?"

"ಅಕ್ಕಾ, ಮುಂದೆ ಇಳಿಜಾರೈತೆ..." ಎಂದ ಪಿಳ್ಳಣ್ಣ.

"ಒಂದು ಗೇಣಿಗೆ ಎಂಥ ಇಳಿಜಾರೋ?"

ಆಮೇಲೆ ಯಾರನ್ನೂ ಹಿಡಿಯುವವರಿರಲಿಲ್ಲ. ಹೊಸ ಬಣ್ಣದ ಮೇಲೆ ಅರಿಶಿನ ಕುಂಕುಮ ಬಿತ್ತು. ವಿಮಾನದ ವೇಗ ಅಳೆಯುವ ತೆಳ್ಳನೆಯ ಕೊಳವೆಗೆ ಮೆಣಸಿನಕಾಯಿ ಸರ ಕಟ್ಟಿದರು. ಮೂಗಿನ ಮುಂದೆ ಬೂದುಗುಂಬಳಕಾಯಿ ಒಡೆದರು. ಮೂರು ಚಕ್ರಕ್ಕೆ ಮೂರೇ ಹಣ್ಣು ಸಾಕೇ ಎಂದು ಯಾರೋ ಕೇಳಿದ್ದಕ್ಕೆ ಗಂಗಣ್ಣ, "ಆಟೋಗೆ ಎಷ್ಟಿಡ್ತೀಯ? ಅಷ್ಟೇಯ" ಎಂದ. ತಾನು ಪ್ರಾಣದಂತೆ ನೋಡಿಕೊಂಡ ಜೆಟ್ಟು ಆಟೋ ಆದದ್ದನ್ನು ಪಿಳ್ಳಣ್ಣ ಹಲ್ಲು ಕಚ್ಚಿ ಸಹಿಸಿಕೊಂಡ.

ಅಷ್ಟರಲ್ಲಿ ಸಾಹೇಬರು ಬಂದರು. ತಲೆ ಬೆಳ್ಳಗಾಗಿದ್ದರೂ ಹೊಸ ಕಾರನ್ನು ತಾವೇ ಓಡಿಸಿಕೊಂಡು ಬಂದಿದ್ದರು. "ಪಿಳ್ಳಣ್ಣ!" ಎಂದು ತಬ್ಬಿಕೊಂಡರು. ಜೆಟ್ಟಿನ ಮೈ ಸವರಿ, "ಮದುವಣಗಿತ್ತಿ ಮಾಡಿದ್ದೀಯಲ್ಲಯ್ಯ" ಎಂದರು. ಏಣಿ ಹತ್ತಿ ಬಲಗಡೆ ಸೀಟಿನಲ್ಲಿ ಕೂತರು. ಎಡಗಡೆ ಸೀಟು ಖಾಲಿ.

ಪಿಳ್ಳಣ್ಣ ಏಣಿಯ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟ.

"ಲೇ ಪಿಳ್ಳ! ಅಡ್ಡೆ ತೆಗೀಬೇಕಲ್ಲ, ಎಲ್ಲೋಗ್ತೀಯ?" ಎಂದು ಗಂಗಣ್ಣ ಅಂಗಿ ಹಿಡಿದೆಳೆದ.

"ಎರಡು ನಿಮಿಷ ಕಣೋ..."

"ರಾಹುಕಾಲ ಬಂದುಬಿಡ್ತದೆ! ನಿನ್ನ ಬಿಟ್ರೆ ಆ ಅಡ್ಡೆ ಯಾರಿಗೆ ಗೊತ್ತು?"

ಸರಿ, ತೆಗೆದು ಬಂದು ಹತ್ತಿದರಾಯಿತೆಂದು ಪಿಳ್ಳಣ್ಣ ಕೆಳಗೆ ನುಸುಳಿದ. ತಲೆಯ ಮೇಲೆ ಸಾಹೇಬರು ಯಾರನ್ನೋ ಮಾತಾಡಿಸುವುದು, ಏಣಿ ಕಿರುಗುಟ್ಟುವುದು ಕೇಳಿಸಿತು. ಹೂವಿನ ಹಾರ ಹಾಕುತ್ತಿರಬೇಕೆಂದುಕೊಂಡು ಅಡ್ಡೆ ಎಳೆದ.

"ತಳ್ರಪ್ಪೋ!" ಎಂದು ಗಂಗಣ್ಣ ಕೂಗಿದ.

ಒಂದು ಗೇಣು ಸಾಕಾಗಿತ್ತು. ಆದರೆ ಡೈರಿಯವರೆಲ್ಲ ಸೇರಿ ಕೆಟ್ಟು ನಿಂತ ಬಸ್ಸು ತಳ್ಳುವ ಹುರುಪಿನಲ್ಲಿ ತಳ್ಳಿದರು. ಪಿಳ್ಳಣ್ಣ ಗ್ರೀಸ್ ತುಂಬಿದ ಬೇರಿಂಗು, ಗಂಗಣ್ಣ ಗಾಳಿ ಹೊಡೆದ ಟೈರು. ನಿಂಬೆಹಣ್ಣು ಪಚಕ್ಕೆಂದಿತು, ಜೆಟ್ಟು ಹೊರಟೇಬಿಟ್ಟಿತು. ನೆಲಕ್ಕೆ ಅಂಟಿಕೊಂಡು ಮಲಗಿದ ಪಿಳ್ಳಣ್ಣನ ಮೇಲೆ ಇಡೀ ವಿಮಾನ ಹಾದುಹೋಯಿತು. ಎದ್ದು ನೋಡಿದರೆ ಎಡಗಡೆ ಸೀಟಿನಲ್ಲಿ ಕನಕಾಂಬರ ಮುಡಿದ ತುರುಬು! ಲಕ್ಷ್ಮೀದೇವಮ್ಮ!

"ಹಿಡ್ಕೊಳ್ರೋ!" ಎಂದು ಬಾಲಕ್ಕೆ ಜೋತುಬಿದ್ದು ಓಡಿದ. ಜೆಟ್ಟು ಇಳಿಜಾರಿನಲ್ಲಿ ಶಾಮಿಯಾನದ ಹಗ್ಗ ಕಿತ್ತಿತು. ಬಟ್ಟೆಯನ್ನು ಸೆರಗಿನಂತೆ ಹೊದ್ದುಕೊಂಡು, ಎಮ್ಮೆ ಕೆರೆಗಿಳಿದ ಹಾಗೆ ಸಾವಕಾಶವಾಗಿ ರಾಗಿ ಹೊಲಕ್ಕಿಳಿದು ನಿಂತಿತು. ಸಂಘದ ಅಧ್ಯಕ್ಷ ಕೆಂಪರಾಜು ಸ್ವಾಗತ ಭಾಷಣದ ವೈರಿಲ್ಲದ ಮೈಕು ಕೈಯಲ್ಲಿ ಹಿಡಿದೇ ಹಿಂದೆ ಓಡಿ ಬಂದ.

ಲಕ್ಷ್ಮೀದೇವಮ್ಮ ಸೆರಗು ಸರಿಮಾಡಿಕೊಂಡು ಇಳಿದರು. "ಚೆನ್ನಾಗಿತ್ತು ಕಣ್ರಪ್ಪ. ರಾಗಿ ಹಾಳಾಯ್ತು, ಹೋಗ್ಲಿ, ನಂದೇ ಹೊಲ."

ಸಾಹೇಬರು ಚಿಕ್ಕ ಹುಡುಗನಂತೆ ನಗುತ್ತ ಕಣ್ಣೊರೆಸಿಕೊಳ್ಳುತ್ತಿದ್ದರು. ಇದೇ ಸಮಯವೆಂದು ಪಿಳ್ಳಣ್ಣ ಏದುಸಿರು ಬಿಡುತ್ತ ಹತ್ತಿರ ಹೋದ.

"ಸಾರ್... ಎಡಗಡೆ ಸೀಟು... ನೀವು ಅವತ್ತು ಮಾತು ಕೊಟ್ಟಿದ್ರಿ..."

"ಮರೀತೀನೇನಯ್ಯ? ಅದಕ್ಕೇ ತಾನೆ ಈ ಅಮ್ಮನ್ನ ಕರೆದು ಕೂರಿಸಿದ್ದು!" ಎಂದರು ಸಾಹೇಬರು. "ನಿನ್ನ ಮೇಲೆ ಕರ್ಕೊಂಡು ಹೋದ ದಿನ ಎಷ್ಟು ವಾಂತಿ ಮಾಡ್ಕೊಂಡೆ! ನನ್ನ ಯೂನಿಫಾರಂ ಮೇಲೆಲ್ಲ! ಕೆಳಗಿಳಿದು ನೆಲ ತಬ್ಕೊಂಡು, 'ಸಾರ್, ಇನ್ಮೇಲೆ ಜನ್ಮದಲ್ಲಿ ನನ್ನ ಈ ಸೀಟಲ್ಲಿ ಕೂರಿಸಲ್ಲ ಅಂತ ಮಾತು ಕೊಡಿ' ಅಂದೆಯಲ್ಲ. ನೋಡು, ಇವತ್ತಿಗೂ ನಡೆಸ್ಕೊಟ್ಟಿದ್ದೀನಿ!"

ಕೆಂಪರಾಜು ಮೈಕು ಆರಿಸಿರಲಿಲ್ಲ. ಮಾತೆಲ್ಲ ರಾಗಿ ಹೊಲ ದಾಟಿ ಪಕ್ಕದ ಊರಿಗೂ ಕೇಳಿತು.

ಹಾಗೆ ವಾಂತಿ ಮಾಡಿಕೊಂಡವನು ಕೇರಳದ ಫಿಟ್ಟರ್ ಥಾಮಸ್. ಪಿಳ್ಳಣ್ಣ ಅವತ್ತು ಬಕೆಟ್ ಹಿಡಿದು ಸೀಟು ತೊಳೆದವನು. ಮುಂದಿನ ಸರದಿ ತನ್ನದೆಂದು ಹಾಡಿಕೊಂಡೇ ತೊಳೆದಿದ್ದ.

ಹೇಳಲು ಬಾಯಿ ತೆರೆದ. ಸಾಹೇಬರ ಮುಖ ಕಾಣಿಸಿತು. ಒದ್ದೆ ಕಣ್ಣು, ಕೊಟ್ಟ ಮಾತು ಇಷ್ಟು ಕಾಲ ಕಾಪಾಡಿಕೊಂಡು ಬಂದೆನೆಂಬ ಹಿಗ್ಗು. ಅಷ್ಟು ವಯಸ್ಸಾದವರಿಂದ ಅದನ್ನು ಕಿತ್ತುಕೊಳ್ಳಲು ಪಿಳ್ಳಣ್ಣನಿಗೆ ಮನಸ್ಸು ಬರಲಿಲ್ಲ.

"ಹೌದು ಸಾರ್. ನೀವು ಮಾತಿಗೆ ತಪ್ಪೋರಲ್ಲ," ಎಂದ.

"ಎಲಾ ಇವ್ನಾ!" ಗಂಗಣ್ಣ ತೊಡೆ ತಟ್ಟಿಕೊಂಡ. "ವಿಮಾನ ಹತ್ತೇ ಇಲ್ಲ ಅಂತ ಇಷ್ಟು ವರ್ಷ ನಮ್ಮ ತಲೆ ತಿಂದ್ಯಲ್ಲೋ! ಅದಕ್ಕೇನಾ ಆ ಸೀಟಲ್ಲಿ ಕೂತ್ಕೊಳ್ಳೋ ಅಂದ್ರೆ ತಲೆ ಆಡಿಸ್ತಿದ್ದದ್ದು?"

"ನನಗೂ ಒಂದು ಮಾತು ಹೇಳಲಿಲ್ವಲ್ಲಾ" ಎಂದು ಕದಿರಮ್ಮ ಮುಖ ತಿರುಗಿಸಿದಳು.

ಊಟದ ಏರ್ಪಾಟು ದೊಡ್ಡಬಳ್ಳಾಪುರದ ಸಂಘದ ಕಚೇರಿಯಲ್ಲಿತ್ತು. ಸಾಹೇಬರು ಕಾರು ಹತ್ತಿ, "ಪಿಳ್ಳಣ್ಣ, ನನ್ನ ಜೊತೆ ಬಾರಯ್ಯ. ಹಳೇದೆಲ್ಲ ಮಾತಾಡ್ಕೊಂಡು ಹೋಗೋಣ" ಎಂದು ಕರೆದರು. ಪಿಳ್ಳಣ್ಣ ಒಳಗೆ ಇಣುಕಿದ. ಕಾರಿನಲ್ಲೂ ಸಾಹೇಬರು ಬಲಗಡೆ, ಎಡಗಡೆ ಸೀಟು ಖಾಲಿ! ಆಕಾಶವಿಲ್ಲದಿದ್ದರೆ ಬೇಡ, ತೂಬಗೆರೆ ರಸ್ತೆಯೇ ಸಾಕು. ಬಾಗಿಲಿಗೆ ಕೈಯಿಟ್ಟ.

ಗಂಗಣ್ಣ ಓಡಿ ಬಂದು ಅಡ್ಡ ನಿಂತ. "ಬ್ಯಾಡಿ ಸಾರ್, ಹೊಸ ಕಾರು! ಇವನ ಹೊಟ್ಟೆ ನಿಮಗೆ ಗೊತ್ತೇ ಐತಲ್ಲ."

"ಅದೂ ನಿಜವೇ" ಎಂದು ಸಾಹೇಬರು ನಕ್ಕರು. ದಾರಿ ತೋರಿಸಲು ಯಾರಾದರೂ ಬೇಕಲ್ಲವೇ ಎಂದು ಗಂಗಣ್ಣನೇ ಎಡಗಡೆ ಕೂತು ಬೆಲ್ಟು ಹಾಕಿಕೊಂಡ. ಕಾರು ಹೋಯಿತು. ಪಿಳ್ಳಣ್ಣ ಅಭ್ಯಾಸಬಲದಿಂದ ಸೆಲ್ಯೂಟ್ ಹೊಡೆದು, ಅದು ರಸ್ತೆಯ ತಿರುವಿನಲ್ಲಿ ಮರೆಯಾಗುವ ತನಕ ನೋಡುತ್ತ ನಿಂತ.

ಮಿಕ್ಕವರಿಗೆಲ್ಲ ಸಂಘದವರು ಬಸ್ಸು ಮಾಡಿದ್ದರು. ಒಳಗೆ ಕಾಲಿಡಲು ಜಾಗವಿರಲಿಲ್ಲ. ಆದರೂ ಪಿಳ್ಳಣ್ಣ ಹತ್ತಿದ ಕೂಡಲೇ ಜನ ಗಡಬಡಿಸಿ ಎದ್ದು, ಎಲ್ಲಕ್ಕಿಂತ ಮುಂದಿನ ಕಿಟಕಿ ಪಕ್ಕದ ಸೀಟನ್ನು ಒಕ್ಕೊರಲಿನಿಂದ ಅವನಿಗೇ ಬಿಟ್ಟುಕೊಟ್ಟರು. ಕದಿರಮ್ಮ ಪಕ್ಕದಲ್ಲಿ ಕೂತು, ಚೀಲದಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದು, ಊದಿ ಬಾಯಗಲಿಸಿ ಗಂಡನ ಕೈಗೆ ಕೊಟ್ಟಳು.